ಮಿದುಳಿನ ಕರೆಂಟು ಕೇಳಿಸುತ್ತದೆ, ಕೆಮಿಸ್ಟ್ರಿ ಯಾವಾಗ?

ಮಿದುಳಿನ ರಕ್ತನಾಳವೊಂದು ಉಬ್ಬಿಕೊಂಡಿದೆ. ಅದು ಒಡೆಯುವ ಮೊದಲೇ ಉಬ್ಬಿನ ಬುಡಕ್ಕೆ ಪುಟ್ಟ ಲೋಹದ ಕ್ಲಿಪ್ ಹಾಕಿ ಬಂದ್ ಮಾಡಬೇಕು. ಸರ್ಜನ್ ಕ್ಲಿಪ್ ಹಾಕುತ್ತಾರೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಅಷ್ಟರಲ್ಲಿ ಮೂಲೆಯಲ್ಲಿ ಸ್ಕ್ರೀನ್ ಮುಂದೆ ಕೂತ ತಂತ್ರಜ್ಞರು, ‘ಎಡಗೈ ಸಿಗ್ನಲ್ ಅರ್ಧಕ್ಕೆ ಇಳೀತು’ ಎನ್ನುತ್ತಾರೆ. ರೋಗಿಗೆ ಅರಿವಳಿಕೆ ಕೊಟ್ಟಿದೆ, ಕೈ ಆಡಿಸಿ ಎಂದು ಕೇಳುವ ಹಾಗಿಲ್ಲ. ಆದರೆ ಮಣಿಕಟ್ಟಿನ ನರಕ್ಕೆ ಕೊಡುವ ಸಣ್ಣ ಕರೆಂಟಿನ ಸುಳಿವು ಸುಮಾರು 20 ಮಿಲಿಸೆಕೆಂಡಿನಲ್ಲಿ ಮಿದುಳಿನ ಮೇಲ್ಪದರ ತಲುಪಬೇಕು. ಅಲ್ಲಿ ಕಾಣಬೇಕಾದ ಅಲೆ ಕುಗ್ಗಿದೆ ಎಂದರೆ ಆ ಭಾಗಕ್ಕೆ ರಕ್ತ ಸಾಲುತ್ತಿಲ್ಲ, ಕ್ಲಿಪ್ ಪಕ್ಕದ ನಾಳವನ್ನೂ ಹಿಸುಕಿರಬೇಕು. ಸರ್ಜನ್ ಕ್ಲಿಪ್ ತೆಗೆದು, ಕೊಂಚ ಸರಿಸಿ, ಮತ್ತೆ ಹಾಕುತ್ತಾರೆ. ಅಲೆ ಮತ್ತೆ ಏಳುತ್ತದೆ.

ಒಂದು ಅಂಕಿ ಬದಲಾಯಿತು, ಅದನ್ನು ಕೇಳಿ ಸರ್ಜನ್ ತಮ್ಮ ಮುಂದಿನ ಹೆಜ್ಜೆ ಬದಲಿಸಿದರು. ನಿಗಾ ಉಪಕರಣದಿಂದ ಬೇಕಾಗಿರುವುದು ಇಷ್ಟೇ. ಈಗ ಹಲವು ಲ್ಯಾಬ್‌ಗಳು ವಿದ್ಯುತ್ತಿನ ಜೊತೆಗೆ ಮಿದುಳಿನ ಕೆಮಿಸ್ಟ್ರಿಯನ್ನೂ ಹೀಗೆಯೇ, ಆಪರೇಷನ್ ನಡೆಯುತ್ತಿರುವಾಗಲೇ ಓದುವ ಉಪಕರಣ ಮಾಡಲು ಹೊರಟಿವೆ. ಸುದ್ದಿಯಲ್ಲಿ ಜಾಸ್ತಿ ಬರುವುದು ಡೋಪಮಿನ್, ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಆದರೆ ನನ್ನ ಅಂದಾಜಿನಲ್ಲಿ ಥಿಯೇಟರ್‌ನಲ್ಲಿ ಮೊದಲು ಕೆಲಸಕ್ಕೆ ಬರುವುದು ಡೋಪಮಿನ್ ಅಲ್ಲ. ಪೊಟ್ಯಾಶಿಯಂ, ಗ್ಲೂಕೋಸ್, ಲ್ಯಾಕ್ಟೇಟ್‌ನಂಥ, ಯಾರೂ ತಲೆಬರಹ ಮಾಡದ ವಸ್ತುಗಳು.

ಇದಕ್ಕೆ ಕಾರಣ ತಿಳಿಯಬೇಕಾದರೆ ವಿದ್ಯುತ್ತಿನ ಕಡೆ ಎಷ್ಟು ಮುಂದೆ ಬಂದಿದ್ದೇವೆ ಎಂದು ಮೊದಲು ನೋಡಬೇಕು.

ನೂರು ವರ್ಷದ ಅನುಭವ

ನರಕೋಶದ ಉದ್ದಕ್ಕೂ ಸುದ್ದಿ ಹೋಗುವುದು ವಿದ್ಯುತ್ತಿನ ರೂಪದಲ್ಲಿ. ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವಾಗ ಬಹುತೇಕ ರಾಸಾಯನಿಕದ ರೂಪದಲ್ಲಿ. ಎರಡೂ ಒಂದೇ ಕೆಲಸದ ಎರಡು ಭಾಗ. ಆದರೆ ವಿದ್ಯುತ್ತನ್ನು ಅಳೆಯಲು ಒಂದು ತಂತಿ, ಒಂದು ಒಳ್ಳೆಯ ಆಂಪ್ಲಿಫೈಯರ್ ಇದ್ದರೆ ಸಾಕು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲೇ ಮನುಷ್ಯರ ತಲೆಯಿಂದ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಗೆರೆ, ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಹರ್ಬರ್ಟ್ ಜಾಸ್ಪರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಲೆಬುರುಡೆ ತೆರೆದು ಮಿದುಳಿನ ಮೇಲೆಯೇ ಎಲೆಕ್ಟ್ರೋಡ್ ಇಟ್ಟು ಮೂರ್ಛೆ ರೋಗ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕಿದರು.

ಆ ಪದ್ಧತಿ ಇವತ್ತಿಗೂ ಇದೆ. ಮಾತಿನ ಕೇಂದ್ರದ ಪಕ್ಕ ಗಡ್ಡೆ ಇದ್ದರೆ ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ಆಪರೇಷನ್ ಮಾಡುತ್ತಾರೆ. ಮಿದುಳಿನ ಒಳಗೆ ನೋವಿನ ನರಗಳಿಲ್ಲ. ಸರ್ಜನ್ ಕೆಲವೇ ಮಿಲಿಆಂಪಿಯರ್ ಕರೆಂಟನ್ನು 50 ಅಥವಾ 60 ಹರ್ಟ್ಜ್‌ನಲ್ಲಿ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾರೆ. ರೋಗಿ ಚಿತ್ರ ನೋಡಿ ಹೆಸರು ಹೇಳುತ್ತಿರುತ್ತಾರೆ. ಒಂದು ಜಾಗ ಮುಟ್ಟಿದಾಗ ಮಾತು ತಡವರಿಸಿತೋ, ಆ ಜಾಗ ಬಿಟ್ಟುಬಿಡಬೇಕು. ಪಕ್ಕದಲ್ಲಿಟ್ಟ ಎಲೆಕ್ಟ್ರೋಡ್ ಪಟ್ಟಿಯ ಕೆಲಸ ಬೇರೆ. ಕರೆಂಟು ಜಾಸ್ತಿಯಾಗಿ ಮೂರ್ಛೆಯ ಮುನ್ಸೂಚನೆಯ ಅಲೆಗಳು ಶುರುವಾದರೆ ಅದು ತಿಳಿಸುತ್ತದೆ. ಆಗ ಮಿದುಳಿನ ಮೇಲೆ ತಣ್ಣಗಿನ ಸಲೈನ್ ಸುರಿಯುತ್ತಾರೆ. ಇಷ್ಟು ಸರಳವಾದ ಮದ್ದು ಅಂತ ಮೊದಲ ಸಲ ಓದಿದವರಿಗೆ ನಂಬಿಕೆ ಬರುವುದು ಕಷ್ಟ.

ಪಾರ್ಕಿನ್ಸನ್ ರೋಗಕ್ಕೆ ಮಾಡುವ ಡಿಬಿಎಸ್ ಆಪರೇಷನ್, ಅಂದರೆ ಮಿದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ಶಾಶ್ವತವಾಗಿ ಕರೆಂಟು ಕೊಡುವ ಚಿಕಿತ್ಸೆ, 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ತಂಡದಿಂದ ಈಗಿನ ರೂಪ ಪಡೆಯಿತು. ಇಲ್ಲಿ ಕಿವಿಯೇ ಮುಖ್ಯ. ಕೂದಲಿಗಿಂತ ಸಣ್ಣ ತುದಿಯ ಎಲೆಕ್ಟ್ರೋಡ್ ಅನ್ನು ಮಿಲಿಮೀಟರಿನ ಭಾಗದಷ್ಟೇ ಕೆಳಗಿಳಿಸುತ್ತಾ ಹೋಗುತ್ತಾರೆ. ಅದು ಹಿಡಿದ ಸಿಗ್ನಲ್ ಸ್ಪೀಕರ್‌ನಲ್ಲಿ ಕೇಳಿಸುತ್ತದೆ. ಮೊದಲು ಬಹುತೇಕ ಮೌನ. ಗುರಿಯಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಪುಟ್ಟ ಗುಂಪು ಬಂದ ಕೂಡಲೇ ತಗಡಿನ ಮೇಲೆ ಮಳೆ ಸುರಿದ ಹಾಗೆ ಸದ್ದು ಏಳುತ್ತದೆ. ಆಗ ಒಬ್ಬರು ರೋಗಿಯ ಮೊಣಕೈ ಮಡಚಿ ಬಿಡಿಸುತ್ತಾರೆ. ಆ ತಾಳಕ್ಕೆ ಸದ್ದು ಏರಿಳಿದರೆ, ಕೈಕಾಲು ಆಡಿಸುವ ಭಾಗದಲ್ಲೇ ಇದ್ದೇವೆ ಎಂದರ್ಥ. ಇನ್ನೂ ಕೆಲವು ಮಿಲಿಮೀಟರ್ ಇಳಿದರೆ ಮತ್ತೆ ಸ್ವಲ್ಪ ಮೌನ, ಆಮೇಲೆ ವೇಗವಾದ, ಕ್ರಮ ತಪ್ಪದ ಟಿಕ್ ಟಿಕ್. ಗುರಿ ದಾಟಿ ಹೋದದ್ದು ಹಾಗೆ ಗೊತ್ತಾಗುತ್ತದೆ.

ಈಗಿನ ಪೈಪೋಟಿ ಎಲೆಕ್ಟ್ರೋಡ್‌ಗಳ ಸಂಖ್ಯೆಯದ್ದು. ಹಳೆಯ ಪಟ್ಟಿಗಳಲ್ಲಿ ಸೆಂಟಿಮೀಟರಿಗೆ ಒಂದರಂತೆ ಬಿಂದು ಇರುತ್ತಿತ್ತು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶಾದಿ ದಾಯೆ ತಂಡ ಪ್ಲಾಟಿನಂ ನ್ಯಾನೋರಾಡ್‌ಗಳಿಂದ ಸಾವಿರ, ಎರಡು ಸಾವಿರ ಬಿಂದುಗಳ ತೆಳು ಹಾಳೆ ಮಾಡಿ ರೋಗಿಗಳ ಮಿದುಳಿನ ಮೇಲೆ ಇಟ್ಟು 2022ರಲ್ಲಿ ತೋರಿಸಿತು. ಪ್ರಿಸಿಶನ್ ನ್ಯೂರೋಸೈನ್ಸ್ ಕಂಪನಿಯ 1024 ಬಿಂದುಗಳ ಹಾಳೆಗೆ 2025ರಲ್ಲಿ ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, 30 ದಿನದವರೆಗೆ ಇಡಬಹುದು. ಆಳದ ಕಡೆ, ನ್ಯೂರೋಪಿಕ್ಸೆಲ್ಸ್ ಎಂಬ ಸಿಲಿಕಾನ್ ಸೂಜಿ ಒಂದೇ ಸಲಕ್ಕೆ 384 ಚಾನೆಲ್ ಓದುತ್ತದೆ. ಇಲಿಗಳಿಗಾಗಿ ಮಾಡಿದ ಇದನ್ನು 2022ರಲ್ಲಿ ಬಾಸ್ಟನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಎರಡು ತಂಡಗಳು ಮನುಷ್ಯರ ಆಪರೇಷನ್‌ನಲ್ಲಿ ಬಳಸಿದವು. ಮನುಷ್ಯನ ಮಿದುಳು ದೊಡ್ಡದು. ಹೃದಯದ ಬಡಿತಕ್ಕೂ ಉಸಿರಾಟಕ್ಕೂ ಅದು ಮೇಲೆ ಕೆಳಗೆ ಆಡುತ್ತಿರುತ್ತದೆ. ತೆಳ್ಳಗಿನ ಸೂಜಿ ತಾಳಲಿಲ್ಲ, ಬಾಸ್ಟನ್ ತಂಡ ದಪ್ಪನೆಯ ಸೂಜಿಗೆ ಹೋಗಬೇಕಾಯಿತು.

ಚಾನೆಲ್ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ಸುಮ್ನೆ ಒಪ್ಪಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಸಂಶೋಧನೆಗೆ ಖಂಡಿತ ಒಳ್ಳೆಯದು. ಗಡ್ಡೆಯ ಅಂಚು ಎಲ್ಲಿದೆ, ಮೂರ್ಛೆಯ ಮೂಲ ಎಲ್ಲಿದೆ ಎಂದು ಇನ್ನಷ್ಟು ನಿಖರವಾಗಿ ಹೇಳಬಹುದು. ಆದರೆ ಸರ್ಜನ್‌ಗೆ ಬೇಕಾದದ್ದು ಎರಡು ಸಾವಿರ ಗೆರೆಗಳಲ್ಲ, ‘ಇಲ್ಲಿ ಕತ್ತರಿಸಬಹುದಾ, ಬೇಡವಾ’ ಎನ್ನುವ ಉತ್ತರ. ಮೊದಲು ಹೇಳಿದ ಎಡಗೈ ಸಿಗ್ನಲ್‌ನ ಬಲ ಇರುವುದು ಅಲ್ಲೇ. ಅಲೆಯ ಎತ್ತರ ಶೇ. 50 ಕುಸಿದರೆ ಅಥವಾ ಬರುವ ಸಮಯ ಶೇ. 10 ತಡವಾದರೆ ಎಚ್ಚರಿಕೆ ಕೊಡಬೇಕು ಎಂಬ ಒಂದೇ ಸಾಲಿನ ನಿಯಮ. ಸರ್ಜನ್, ಅರಿವಳಿಕೆ ತಜ್ಞರು, ತಂತ್ರಜ್ಞರು ಎಲ್ಲರಿಗೂ ಅದು ಬಾಯಿಪಾಠ.

ಕಾರ್ಬನ್ ಎಳೆಯ ತುದಿಯಲ್ಲಿ

ಈಗ ಕೆಮಿಸ್ಟ್ರಿಗೆ ಬರೋಣ. ಡೋಪಮಿನ್‌ನಂಥ ಕೆಲವು ರಾಸಾಯನಿಕಗಳಿಗೆ ಒಂದು ಅನುಕೂಲದ ಗುಣವಿದೆ. ಸರಿಯಾದ ವೋಲ್ಟೇಜ್ ಕೊಟ್ಟರೆ ಅವು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಆ ಎಲೆಕ್ಟ್ರಾನ್‌ಗಳನ್ನು ಕರೆಂಟಾಗಿ ಅಳೆಯಬಹುದು. ಕ್ಯಾನ್ಸಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್ 1970ರ ದಶಕದ ಆರಂಭದಲ್ಲಿ ಇಲಿಯ ಮಿದುಳಿನಲ್ಲಿ ಇದನ್ನು ಮಾಡಿ ತೋರಿಸಿದರು. ಆಮೇಲೆ ದಪ್ಪ ಎಲೆಕ್ಟ್ರೋಡ್ ಜಾಗಕ್ಕೆ ಕಾರ್ಬನ್ ಎಳೆ ಬಂತು. ಅದರ ಅಗಲ ಸುಮಾರು 7 ಮೈಕ್ರೋಮೀಟರ್, ಹೆಚ್ಚುಕಡಿಮೆ ಒಂದು ಕೆಂಪು ರಕ್ತಕಣದಷ್ಟು.

ಕೆಲಸ ನಡೆಯುವುದು ಹೀಗೆ. ಎಳೆಯ ವೋಲ್ಟೇಜನ್ನು ಮೈನಸ್ 0.4ರಿಂದ ಪ್ಲಸ್ 1.3 ವೋಲ್ಟಿಗೆ ಏರಿಸಿ ಮತ್ತೆ ಇಳಿಸುತ್ತಾರೆ. ಏರುವ ವೇಗ ಸೆಕೆಂಡಿಗೆ 400 ವೋಲ್ಟ್. ಅಂದರೆ ಒಂದು ಏರಿಳಿತಕ್ಕೆ ಹಿಡಿಯುವುದು ಸುಮಾರು 8.5 ಮಿಲಿಸೆಕೆಂಡ್ ಮಾತ್ರ. ಹೀಗೆ ಸೆಕೆಂಡಿಗೆ ಹತ್ತು ಸಲ. ಪ್ಲಸ್ 0.6 ವೋಲ್ಟಿನ ಆಸುಪಾಸಿನಲ್ಲಿ ಡೋಪಮಿನ್ ಎರಡು ಎಲೆಕ್ಟ್ರಾನ್ ಬಿಡುತ್ತದೆ. ಇಳಿಯುವಾಗ ಮೈನಸ್ 0.2ರ ಹತ್ತಿರ ವಾಪಸ್ ತೆಗೆದುಕೊಳ್ಳುತ್ತದೆ. ಈ ಎರಡು ಗುಡ್ಡಗಳೇ ಅದರ ಗುರುತು.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೆಂಡಲ್ ಲೀ ಮತ್ತು ಕೆವಿನ್ ಬೆನೆಟ್ ತಂಡ ಇದನ್ನು ಆಪರೇಷನ್ ಥಿಯೇಟರ್‌ಗೆ ತರಲು ವಿಂಕ್ಸ್ ಎಂಬ ಸಣ್ಣ ಉಪಕರಣ ಮಾಡಿತು. ಅದು ಬ್ಯಾಟರಿಯಲ್ಲಿ ನಡೆಯುತ್ತದೆ, ಡೇಟಾ ವೈರ್‌ಲೆಸ್ ಆಗಿ ಕಳಿಸುತ್ತದೆ. ಯಾಕೆಂದರೆ ಗೋಡೆಯ ಪ್ಲಗ್‌ನಿಂದ ಬರುವ ಗದ್ದಲವೂ ಬೇಡ, ರೋಗಿಯ ಮಿದುಳಿಗೂ ಮೇನ್ಸ್‌ಗೂ ಸಂಪರ್ಕವೂ ಬೇಡ. ಕೈ ನಡುಗುವ ಕಾಯಿಲೆಗೆ ಡಿಬಿಎಸ್ ಮಾಡಿಸಿಕೊಳ್ಳುತ್ತಿದ್ದ ರೋಗಿಗಳಲ್ಲಿ ಇದನ್ನು ಬಳಸಿ 2012ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಕರೆಂಟು ಕೊಡುವ ಮೊದಲೇ, ಬರೀ ಎಲೆಕ್ಟ್ರೋಡ್ ಇಳಿಸಿದ್ದಕ್ಕೇ ಕೆಲವರಲ್ಲಿ ನಡುಕ ತಾತ್ಕಾಲಿಕವಾಗಿ ನಿಲ್ಲುವುದು ಸರ್ಜನ್‌ಗಳಿಗೆ ಮೊದಲಿನಿಂದ ಗೊತ್ತಿತ್ತು. ಅದೇ ಹೊತ್ತಿಗೆ ಅಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಈ ಉಪಕರಣದಲ್ಲಿ ಕಂಡಿತು. ಸರ್ಜನ್‌ಗಳ ಅನುಭವದ ಹಿಂದೆ ಯಾವ ರಾಸಾಯನಿಕ ಇರಬಹುದು ಎಂಬುದಕ್ಕೆ ಮೊದಲ ಸಲ ಒಂದು ಹೆಸರು ಸಿಕ್ಕಿತು.

ವರ್ಜೀನಿಯಾ ಟೆಕ್‌ನ ರೀಡ್ ಮಾಂಟೆಗ್ಯೂ, ಕೆನೆತ್ ಕಿಶಿದಾ ತಂಡದ ಕೆಲಸ ಇನ್ನೂ ಕುತೂಹಲದ್ದು. ಡಿಬಿಎಸ್‌ಗೆ ಬಂದ 17 ಪಾರ್ಕಿನ್ಸನ್ ರೋಗಿಗಳು ಆಪರೇಷನ್ ನಡುವೆ, ಎಚ್ಚರವಾಗಿರುವಾಗಲೇ, ಷೇರು ಮಾರುಕಟ್ಟೆಯಂಥ ಒಂದು ಆಟ ಆಡಿದರು. ಕಾರ್ಬನ್ ಎಳೆ ಡೋಪಮಿನ್ ಅಳೆಯುತ್ತಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಡೋಪಮಿನ್ ಏರಿಳಿತ ಗೆದ್ದದ್ದು ಸೋತದ್ದನ್ನಷ್ಟೇ ಹೇಳುತ್ತಿರಲಿಲ್ಲ. ‘ಇನ್ನೊಂಚೂರು ಜಾಸ್ತಿ ಹಾಕಿದ್ದಿದ್ದರೆ ಎಷ್ಟು ಬರ್ತಿತ್ತು’ ಎಂಬ ಲೆಕ್ಕವೂ ಅದರಲ್ಲಿ ಬೆರೆತಿತ್ತು. ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಬದುಕಿರುವ ಮನುಷ್ಯನ ಮಿದುಳಿನಲ್ಲಿ ಇದನ್ನು ನೋಡಿದ್ದು ದೊಡ್ಡ ಸಂಗತಿಯೇ. 2020ರಲ್ಲಿ ಇದೇ ಬಳಗ ಡೋಪಮಿನ್ ಜೊತೆ ಸೆರೊಟೋನಿನ್ ಎಂಬ ಇನ್ನೊಂದು ಸಂದೇಶವಾಹಕವನ್ನೂ ಅಳೆದು ತೋರಿಸಿತು.

ಆದರೆ ಇದರಿಂದ ಸರ್ಜನ್‌ ಏನು ಬದಲಿಸಬೇಕು? ಡೋಪಮಿನ್ ಕೆಳಗಿಳಿಯಿತು ಅಂತ ಎಲೆಕ್ಟ್ರೋಡ್ ಸರಿಸಬೇಕಾ? ಎಷ್ಟು ಇಳಿದರೆ? ಈ ಪ್ರಶ್ನೆಗೆ ಇನ್ನೂ ನಿಯಮವಿಲ್ಲ. ಉಪಕರಣದ ಮಿತಿಗಳೂ ಸಣ್ಣವಲ್ಲ. ವೋಲ್ಟೇಜ್ ಅಷ್ಟು ವೇಗವಾಗಿ ಏರಿಳಿಸುವಾಗ ಎಳೆಯಲ್ಲಿ ತನ್ನಿಂದ ತಾನೇ ದೊಡ್ಡ ಕರೆಂಟು ಹರಿಯುತ್ತದೆ. ಡೋಪಮಿನ್‌ನ ಕರೆಂಟು ಅದರ ಸಣ್ಣ ಪಾಲು. ಆ ಹಿನ್ನೆಲೆಯನ್ನು ಕಳೆದು ಉಳಿದದ್ದನ್ನು ನೋಡುತ್ತಾರೆ. ಹಾಗಾಗಿ ತಿಳಿಯುವುದು ಬದಲಾವಣೆ ಮಾತ್ರ. ಒಟ್ಟು ಎಷ್ಟಿದೆ ಎಂದು ತಿಳಿಯುವುದಿಲ್ಲ. ಒಂದೆರಡು ನಿಮಿಷದಲ್ಲಿ ಹಿನ್ನೆಲೆಯೇ ಜಾರಿಹೋಗುವುದರಿಂದ ನಿಧಾನದ ಬದಲಾವಣೆ ಕಾಣುವುದೇ ಇಲ್ಲ. ಡೋಪಮಿನ್ ಕೊರತೆಯಿಂದ ಬರುವ ಪಾರ್ಕಿನ್ಸನ್‌ನಲ್ಲಿ ವೈದ್ಯರಿಗೆ ನಿಜಕ್ಕೂ ಬೇಕಾಗಿರುವುದು ಆ ಒಟ್ಟು ಮಟ್ಟವೇ ಅಲ್ವಾ? ಅದಕ್ಕಾಗಿ ವೋಲ್ಟೇಜಿನ ಬೇರೆ ಬೇರೆ ವಿನ್ಯಾಸಗಳನ್ನು ಪ್ರಯತ್ನಿಸುತ್ತಿದ್ದಾರೆ.

ಇನ್ನೊಂದು ತೊಡಕು ಗುರುತಿನದ್ದು. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಸಂದೇಶವಾಹಕ ಬಿಡುವ ಗುರುತು ಡೋಪಮಿನ್ ಗುರುತಿಗೆ ಹೆಚ್ಚುಕಡಿಮೆ ಅವಳಿ. ಆಮ್ಲೀಯತೆ ಸ್ವಲ್ಪ ಬದಲಾದರೂ ಗೆರೆ ಆಡುತ್ತದೆ. ಇವನ್ನು ಬಿಡಿಸಲು ಮಷಿನ್ ಲರ್ನಿಂಗ್ ಬಳಸುತ್ತಾರೆ. ಆದರೆ ಆ ಮಾದರಿ ಕಲಿಯುವುದು ಲ್ಯಾಬಿನ ಬೀಕರ್‌ನಲ್ಲಿ, ಉತ್ತರ ಹೇಳಬೇಕಾದದ್ದು ಮಿದುಳಿನಲ್ಲಿ. ಈ ಅಂತರವನ್ನು ಎಲ್ಲರೂ ಒಪ್ಪುವ ಹಾಗೆ ಯಾರೂ ಇನ್ನೂ ಮುಚ್ಚಿಲ್ಲ. ಇನ್ನು ಗ್ಲುಟಮೇಟ್ ಮಿದುಳಿನ ಮುಖ್ಯ ಪ್ರಚೋದಕ. ಅದು ಹೀಗೆ ಎಲೆಕ್ಟ್ರಾನ್ ಬಿಡುವುದೇ ಇಲ್ಲ. ಎಲೆಕ್ಟ್ರೋಡ್ ಮೇಲೆ ಒಂದು ಎಂಜೈಮ್ ಲೇಪಿಸಿ, ಅದು ಗ್ಲುಟಮೇಟ್ ಅನ್ನು ಮುರಿದಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಅಳೆಯಬೇಕು. ಎಂಜೈಮ್ ಇದ್ದಲ್ಲಿ ಬಿಸಿ ಹಬೆಯ ಸ್ಟೆರಿಲೈಸೇಶನ್ ನಡೆಯುವುದಿಲ್ಲ.

ಈ ನಡುವೆ ಡಿಬಿಎಸ್ ತನ್ನ ಪಾಡಿಗೆ ವಿದ್ಯುತ್ತಿನ ದಾರಿಯಲ್ಲೇ ಮುಂದೆ ಹೋಯಿತು. ಪಾರ್ಕಿನ್ಸನ್‌ನಲ್ಲಿ 13ರಿಂದ 30 ಹರ್ಟ್ಜ್‌ನ ಬೀಟಾ ಅಲೆಗಳು ಜಾಸ್ತಿಯಾಗುತ್ತವೆ, ಔಷಧ ಕೆಲಸ ಮಾಡಿದಾಗ ಇಳಿಯುತ್ತವೆ. ಈ ಅಲೆ ನೋಡಿ ತಾನೇ ಕರೆಂಟು ಏರಿಸುವ, ಇಳಿಸುವ ಮೆಡ್‌ಟ್ರಾನಿಕ್ ಉಪಕರಣಕ್ಕೆ 2025ರ ಫೆಬ್ರುವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಡೋಪಮಿನ್ ಸೆನ್ಸರ್ ಮಾಡಬೇಕೆಂದಿದ್ದ ಕೆಲಸದ ದೊಡ್ಡ ಭಾಗವನ್ನು ಬೀಟಾ ಅಲೆ ಪರೋಕ್ಷವಾಗಿ ಮಾಡಿಬಿಟ್ಟಿತು. ಕಾರ್ಬನ್ ಎಳೆಗೆ ಪ್ರೋಟೀನ್ ಅಂಟಿ ಅದರ ಸೂಕ್ಷ್ಮತೆ ಇಳಿಯುತ್ತದೆ, ವರ್ಷಗಟ್ಟಲೆ ಒಳಗಿಡಲು ಅದು ಇನ್ನೂ ತಯಾರಿಲ್ಲ. ಮಾರುಕಟ್ಟೆ ಯಾರಿಗೂ ಕಾಯುವುದಿಲ್ಲ.

ಮಿದುಳಿನ ಮೇಲೆ ಹರಿಯುವ ಕತ್ತಲೆ

ಹಾಗಾದರೆ ಸರ್ಜನ್‌ನ ಹೆಜ್ಜೆ ಬದಲಿಸಬಲ್ಲ ಕೆಮಿಸ್ಟ್ರಿ ಯಾವುದು? ಇಲ್ಲಿ ಅರಿಸ್ಟಿಡೆಸ್ ಲಿಯಾವೊ ಎಂಬ ಬ್ರೆಜಿಲ್‌ನ ವಿಜ್ಞಾನಿ ಬರುತ್ತಾರೆ. 1944ರಲ್ಲಿ ಅವರು ಮೊಲದ ಮಿದುಳಿನಲ್ಲಿ ಒಂದು ವಿಚಿತ್ರ ಕಂಡರು. ಒಂದು ಕಡೆ ಶುರುವಾದ ಮೌನ ನಿಧಾನವಾಗಿ ಪಕ್ಕಕ್ಕೆ ಹರಡಿತು, ನಿಮಿಷಕ್ಕೆ ಎರಡರಿಂದ ಐದು ಮಿಲಿಮೀಟರ್. ಅದು ಹೋದಲ್ಲೆಲ್ಲ ನರಕೋಶಗಳು ತಮ್ಮ ಚಾರ್ಜ್ ಕಳೆದುಕೊಂಡು ಸ್ತಬ್ಧವಾಗುತ್ತವೆ. ಕೋಶದ ಹೊರಗೆ ಸಾಮಾನ್ಯವಾಗಿ ಲೀಟರಿಗೆ 3 ಮಿಲಿಮೋಲ್‌ನಷ್ಟಿರುವ ಪೊಟ್ಯಾಶಿಯಂ ಹತ್ತು ಪಟ್ಟಿಗೂ ಮೇಲೆ ಜಿಗಿಯುತ್ತದೆ. ಮತ್ತೆ ಎಲ್ಲವನ್ನೂ ಒಳಗೆ ಪಂಪ್ ಮಾಡಲು ಕೋಶಕ್ಕೆ ಅಪಾರ ಶಕ್ತಿ ಬೇಕು. ಇಂಧನವಾದ ಗ್ಲೂಕೋಸ್ ಕುಸಿಯುತ್ತದೆ, ಆಮ್ಲಜನಕ ಸಾಲದಾಗ ಹೆಚ್ಚುವ ಲ್ಯಾಕ್ಟೇಟ್ ಏರುತ್ತದೆ. ಆರೋಗ್ಯವಂತ ಅಂಗಾಂಶ ಇದನ್ನು ತಡೆದುಕೊಳ್ಳುತ್ತದೆ. ಪೆಟ್ಟು ಬಿದ್ದ, ರಕ್ತ ಸಾಲದ ಅಂಗಾಂಶದಲ್ಲಿ ಅಲೆ ಮೇಲೆ ಅಲೆ ಬಂದರೆ ಉಳಿದ ಶಕ್ತಿಯೂ ಖಾಲಿಯಾಗಿ ಕೋಶಗಳು ಸಾಯುತ್ತವೆ.

ಮನುಷ್ಯರಲ್ಲಿ ಇದು ನಡೆಯುತ್ತದಾ ಎಂಬ ಅನುಮಾನ ದಶಕಗಟ್ಟಲೆ ಇತ್ತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಆಂಟನಿ ಸ್ಟ್ರಾಂಗ್ ತಂಡ ಗಾಯಗೊಂಡ ಮಿದುಳಿನ ಮೇಲೆ ಎಲೆಕ್ಟ್ರೋಡ್ ಪಟ್ಟಿ ಇಟ್ಟು 2002ರಲ್ಲಿ ಇದನ್ನು ತೋರಿಸಿತು. ತೀವ್ರ ಪೆಟ್ಟಾಗಿ ಆಪರೇಷನ್ ಬೇಕಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಈ ಅಲೆ ಇರುವುದು ಆಮೇಲೆ ತಿಳಿಯಿತು. ಆಪರೇಷನ್ ನಡೆಯುತ್ತಿರುವಾಗಲೂ ದಾಖಲಾಗಿದೆ. ಇಷ್ಟು ದಿನ ಕಣ್ಣಿಗೆ ಬೀಳದಿರಲು ಒಂದು ಕಾರಣ ಯಂತ್ರವೇ. ಈ ಅಲೆ ತೀರಾ ನಿಧಾನದ್ದು. ಸಾಮಾನ್ಯ ಇಇಜಿ ಆಂಪ್ಲಿಫೈಯರ್‌ಗಳು ಅಷ್ಟು ನಿಧಾನದ ಸಿಗ್ನಲನ್ನು ಬೆವರು, ಅಲುಗಾಟದ ಗದ್ದಲ ಎಂದು ತಿಳಿದು ಫಿಲ್ಟರ್ ಮಾಡಿ ಬಿಸಾಕುತ್ತವೆ.

ಇಲ್ಲಿ ವಿದ್ಯುತ್ ಮತ್ತು ಕೆಮಿಸ್ಟ್ರಿ ಎರಡನ್ನೂ ಒಟ್ಟಿಗೆ ಅಳೆಯುವುದಕ್ಕೆ ನಿಜವಾದ ಅರ್ಥ ಬರುತ್ತದೆ. ವಿದ್ಯುತ್ತು ‘ಅಲೆ ಬಂತು’ ಎನ್ನುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ಆ ಜಾಗಕ್ಕೆ ಉಳಿದಿದೆಯಾ ಎಂದು ಹೇಳುವುದು ಗ್ಲೂಕೋಸ್ ಮತ್ತು ಲ್ಯಾಕ್ಟೇಟ್. ಮಿದುಳಿನ ಮೈಕ್ರೋಡಯಾಲಿಸಿಸ್ ಐಸಿಯುಗಳಲ್ಲಿ ಹಳೆಯ ವಿಧಾನ. ಸಣ್ಣ ರಂಧ್ರಗಳ ಪೊರೆಯ ನಳಿಕೆಯೊಂದನ್ನು ಮಿದುಳಿಗೆ ಇಳಿಸಿ, ನಿಮಿಷಕ್ಕೆ 0.3 ಮೈಕ್ರೋಲೀಟರ್‌ನಷ್ಟು ದ್ರವ ಹರಿಸಿ, ಸಂಗ್ರಹಿಸಿದ್ದನ್ನು ಪರೀಕ್ಷಿಸುತ್ತಾರೆ. ಲ್ಯಾಕ್ಟೇಟ್ ಮತ್ತು ಪೈರುವೇಟ್ (ಗ್ಲೂಕೋಸ್ ಒಡೆದಾಗ ಸಿಗುವ ವಸ್ತು) ಅನುಪಾತ 25 ದಾಟಿದರೆ ಶಕ್ತಿಯ ಉತ್ಪಾದನೆ ಹದಗೆಡುತ್ತಿದೆ ಎಂಬ ಸೂಚನೆ. ಆದರೆ ಸಾಮಾನ್ಯವಾಗಿ ಫಲಿತಾಂಶ ಬರುವುದು ಗಂಟೆಗೊಂದು. ಐಸಿಯುಗೆ ನಡೆಯುತ್ತದೆ, ನಿಮಿಷದಲ್ಲಿ ನಿರ್ಧಾರ ಬೇಕಾದ ಆಪರೇಷನ್‌ಗೆ ಪ್ರಯೋಜನವಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಾರ್ಟಿನ್ ಬುಟೆಲ್ ತಂಡ ಇದೇ ದ್ರವವನ್ನು ಹರಿಯುವಾಗಲೇ ಸೆನ್ಸರ್ ಮೇಲೆ ಹಾಯಿಸಿ, ಗ್ಲೂಕೋಸ್, ಲ್ಯಾಕ್ಟೇಟ್, ಪೊಟ್ಯಾಶಿಯಂಗಳನ್ನು ನಿಮಿಷದ ಮಟ್ಟದಲ್ಲಿ ಓದುವ ವ್ಯವಸ್ಥೆ ಮಾಡಿತು. ಒಂದೊಂದು ಅಲೆಯ ಬೆನ್ನಿಗೆ ಗ್ಲೂಕೋಸ್ ಮೆಟ್ಟಿಲು ಇಳಿಯುವುದು ಅದರಲ್ಲಿ ಕಂಡಿತು. ದ್ರವ ಕೊಳವೆಯಲ್ಲಿ ಹರಿದು ಬರುವ ವಿಳಂಬ ಮಾತ್ರ ಇನ್ನೂ ಉಳಿದಿದೆ.

ಮುಖ್ಯವಾಗಿ, ಈ ಅಂಕಿಗಳಿಗೆ ಪ್ರತಿಯಾಗಿ ವೈದ್ಯರ ಕೈಯಲ್ಲಿ ಮಾಡಲು ಏನಾದರೂ ಇದೆ. ಮಿದುಳನ್ನು ಸರಿಸಿ ಹಿಡಿದ ರಿಟ್ರಾಕ್ಟರ್ ಸಡಿಲಿಸಬಹುದು. ರಕ್ತದೊತ್ತಡ ಏರಿಸಬಹುದು. ತಾತ್ಕಾಲಿಕ ಕ್ಲಿಪ್ ಬೇಗ ತೆಗೆಯಬಹುದು. ಅರಿವಳಿಕೆಯಲ್ಲಿ ಬಳಸುವ ಕೆಟಮಿನ್ ಕೊಟ್ಟ ರೋಗಿಗಳಲ್ಲಿ ಈ ಅಲೆಗಳು ಕಡಿಮೆಯಾದದ್ದು ಕಂಡಿದೆ. ನಾನು ಡೋಪಮಿನ್‌ಗಿಂತ ಇವುಗಳ ಮೇಲೆ ಭರವಸೆ ಇಡುವುದು ಇದಕ್ಕೇ.

ಹಾಗಂತ ದಾರಿ ಸಲೀಸಲ್ಲ. ಆಪರೇಷನ್ ಥಿಯೇಟರ್ ಸೂಕ್ಷ್ಮ ಸೆನ್ಸರ್‌ಗಳಿಗೆ ತೀರಾ ಕೆಟ್ಟ ಜಾಗ. ರಕ್ತ ನಿಲ್ಲಿಸಲು ಬಳಸುವ ಡಯಾಥರ್ಮಿ ಒಂದು ಸಲ ಆನ್ ಆದರೆ ನ್ಯಾನೋಆಂಪಿಯರ್ ಅಳೆಯುವ ಆಂಪ್ಲಿಫೈಯರ್ ಕುರುಡಾಗುತ್ತದೆ. ಬುರುಡೆ ತೆರೆದಾಗ ಒಳಗಿನ ನೀರು ಹೊರಬಂದು ಮಿದುಳು ಹಲವು ಮಿಲಿಮೀಟರ್ ಕುಸಿಯುತ್ತದೆ. ಸ್ಕ್ಯಾನ್ ನೋಡಿ ಗುರುತು ಹಾಕಿದ ಜಾಗ ಅಲ್ಲೇ ಇರುವುದಿಲ್ಲ. ಅರಿವಳಿಕೆಯ ಅನಿಲಗಳು ಸ್ನಾಯುವಿನ ಸಿಗ್ನಲ್ ಕುಗ್ಗಿಸುತ್ತವೆ, ಅದಕ್ಕೇ ಅಂಥ ಕೇಸುಗಳಲ್ಲಿ ಅನಿಲ ಬಿಟ್ಟು ರಕ್ತನಾಳಕ್ಕೆ ಕೊಡುವ ಪ್ರೊಪೊಫೋಲ್‌ಗೆ ಹೋಗುತ್ತಾರೆ. ಕೆಮಿಸ್ಟ್ರಿಯ ಮೇಲೆ ಯಾವ ಔಷಧ ಎಷ್ಟು ಪರಿಣಾಮ ಬೀರುತ್ತದೆ ಎಂಬ ಪಟ್ಟಿಯನ್ನೂ ಹೀಗೆಯೇ ಕಟ್ಟಬೇಕು. ಸಲೈನ್ ಸುರಿದರೂ ಮೇಲ್ಮೈ ಪೊಟ್ಯಾಶಿಯಂ ಬದಲಾಗುತ್ತದೆ!

ಎಲ್ಲಕ್ಕಿಂತ ಕಷ್ಟದ್ದು ಎಚ್ಚರಿಕೆಯ ಗೆರೆ ಎಲ್ಲಿ ಎಳೆಯಬೇಕು ಎನ್ನುವುದು. ಶೇ. 50ರ ನಿಯಮ ಸಿದ್ಧಾಂತದಿಂದ ಹುಟ್ಟಿದ್ದಲ್ಲ. ಎಷ್ಟೋ ಕೇಸುಗಳಲ್ಲಿ ಅಲೆ ಕುಸಿದಾಗ ಏನಾಯಿತು, ಕುಸಿಯದಿದ್ದಾಗ ಏನಾಯಿತು ಎಂದು ನೋಡಿ ನೋಡಿ ಬಂದದ್ದು. ಪೊಟ್ಯಾಶಿಯಂಗೆ, ಲ್ಯಾಕ್ಟೇಟ್‌ಗೆ ಅಂಥ ಗೆರೆ ಬೇಕಾದರೆ ಮೊದಲು ಅಳೆಯಬೇಕು, ಆದರೆ ಅಂಕಿ ನೋಡಿ ಯಾರೂ ಏನೂ ಮಾಡಬಾರದು. ಮಧ್ಯೆ ಕೈ ಹಾಕಿದರೆ, ಕೈ ಹಾಕದಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವುದಿಲ್ಲ. ಹಾಗಾಗಿ ಡೇಟಾವನ್ನು ಸರ್ಜನ್‌ಗೆ ತೋರಿಸದೆ ದಾಖಲಿಸಿ ಆಮೇಲೆ ತೆರೆದು ನೋಡುವುದು ಸಂಶೋಧಕರಿಗೆ ಇಷ್ಟವಾಗುವ ದಾರಿ. ಆದರೆ ಆ ಸ್ಕ್ರೀನ್ ಮುಂದೆ ಒಬ್ಬರಾದರೂ ಕೂತಿರುತ್ತಾರೆ. ಲ್ಯಾಕ್ಟೇಟ್ ನೇರ ಮೇಲೇರುತ್ತಿದೆ, ರೋಗಿ ಟೇಬಲ್ ಮೇಲಿದ್ದಾರೆ, ನಿಯಮದ ಪ್ರಕಾರ ಇವರು ಬಾಯಿ ಬಿಡುವಂತಿಲ್ಲ. ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿ ಮೊದಲು ಕೇಳಬೇಕಾದ್ದು, ಯಾವ ಅಂಕಿ ದಾಟಿದರೆ ಅವರು ಬಾಯಿ ಬಿಡಬಹುದು ಎಂದು. ಆ ಗೆರೆ ಎಲ್ಲಿ ಎಂದು ಕಂಡುಹಿಡಿಯಲೆಂದೇ ಅಧ್ಯಯನ ನಡೆಯುತ್ತಿರುವಾಗ, ಸಮಿತಿ ಮೊದಲ ಗೆರೆಯನ್ನು ಅಂದಾಜಿನಲ್ಲೇ ಎಳೆಯಬೇಕಾಗುತ್ತದೆ.